ಮೂರನೆಯ ಬೆರಳು

ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅದು ಎಷ್ಟು ವಿಧೇಯವಾಗಿತ್ತೆಂದರೆ ಅವನಿಗೆ ಸಿಟ್ಟೇ ಬಂತು. ಎಡಗೈಯ ಉಂಗುರ ಬೆರಳು, ಹೆಬ್ಬೆರಳನ್ನು ಬಿಟ್ಟು ಎಣಿಸುವ ವಯೊಲಿನ್ನಿನವರ ಲೆಕ್ಕದಲ್ಲಿ ಮೂರನೆಯದು. ತೋಳಿನ ಅಂಚನ್ನು ಹಿಡಿದುಕೊಂಡಿತು, ಗುಂಡಿಯನ್ನು ಕಿಂಡಿಯೊಳಕ್ಕೆ ದಾಟಿಸಲು ನೆರವಾಯಿತು, ಕೆಲಸ ಮುಗಿದ ಮೇಲೆ ಏನೂ ಅರಿಯದ ಪಾಪದವರ ಹಾಗೆ ಉಳಿದ ಬೆರಳುಗಳ ಸಾಲಿನಲ್ಲಿ ಹೋಗಿ ನಿಂತಿತು. ಬೀಗದ ಕೈ ತಿರುಗಿಸುತ್ತದೆ, ಬಿಸಿ ಲೋಟ ಹಿಡಿಯುತ್ತದೆ, ಸಹಿ ಮಾಡುವಾಗ ಹಾಳೆ ಜಾರದಂತೆ ಒತ್ತಿಕೊಂಡಿರುತ್ತದೆ. ವಯೊಲಿನ್ನಿನ ಕುತ್ತಿಗೆಗೆ ತಾಗಿತೋ, ಅಲ್ಲಿಗೆ ಮುಗಿಯಿತು. ಮುಟ್ಟಿದ ಹುಳದ ಹಾಗೆ ಅಂಗೈಯೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಇಪ್ಪತ್ತನಾಲ್ಕು ವರ್ಷಗಳಿಂದ ಹೀಗೇ. ಮೂರು ಜನ ಡಾಕ್ಟರರು ಆ ಬೆರಳನ್ನು ಎಳೆದು, ತಿರುಗಿಸಿ, ಸೂಜಿ ಚುಚ್ಚಿ ನೋಡಿದ್ದರು. ‘ಕೈಗೆ ಏನೂ ಆಗಿಲ್ಲ, ತಲೆಗೂ ಬೆರಳಿಗೂ ನಡುವೆ ಎಲ್ಲೋ ಮಾತು ನಿಂತಿದೆ’ ಎಂದು ಮೂರನೆಯವರು ಹೇಳಿದಾಗ ಅವನಿಗೆ ಅದು ತನ್ನ ಮನೆಯ ವಿಚಾರವನ್ನೇ ಯಾರೋ ಹೊರಗಿನವರು ಆಡಿಕೊಂಡ ಹಾಗೆ ಕೇಳಿಸಿತ್ತು.

‘ಎಷ್ಟೊತ್ತು ಆ ಗುಂಡೀನೇ ನೋಡ್ತಾ ನಿಂತಿರ್ತೀರಿ? ಅದೇನು ಓಡಿಹೋಗಲ್ಲ,’ ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. ಬೆರಳಿನ ವಿಷಯ ಗೊತ್ತಿದ್ದವಳು ಅವಳೊಬ್ಬಳೇ. ಗೊತ್ತಿದ್ದೂ ಒಂದು ದಿನ ಆ ಮಾತೆತ್ತಿದವಳಲ್ಲ. ಅದಕ್ಕಾಗಿ ಅವಳ ಮೇಲೆ ಅವನಿಗೆ ಕೃತಜ್ಞತೆಯೂ ಇತ್ತು, ಕೋಪವೂ ಇತ್ತು. ‘ಇವತ್ತಿನ ಪರೀಕ್ಷೆಗೆ ಗುಬ್ಬೀನೂ ಬರ್ತಾಳಲ್ವಾ?’

‘ನಂಗೆ ಗೊತ್ತಿಲ್ಲ. ಗೊತ್ತಿರಬಾರದು. ಅದಕ್ಕೇ ತಾನೆ ಪರದೆ ಹಾಕಿರೋದು.’

‘ಪರದೆ ಹಾಕಿರೋದು ಕಣ್ಣಿಗೆ ತಾನೆ?’ ಎಂದು ಅವಳು ಒಳಗೆ ಹೋದಳು.

ಗುಬ್ಬಿ ಎಂದು ಹೆಸರಿಟ್ಟವಳೂ ಅವಳೇ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ತನಗಿಂತ ಭಾರದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಇದೇ ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದರೂ ಬರದೆ, ಹೋಗು ಎಂದರೂ ಹೋಗದೆ ಇದ್ದಾಗ, ‘ಇದ್ಯಾವುದಪ್ಪಾ ಗುಬ್ಬಿ’ ಎಂದು ನಕ್ಕಿದ್ದಳು. ಆ ಗುಬ್ಬಿಗೆ ಈಗ ಮೂವತ್ತನಾಲ್ಕು. ಮೂವತ್ತೈದು ತುಂಬಿದವರನ್ನು ವಾದ್ಯವೃಂದದ ಪರೀಕ್ಷೆಗೆ ಕೂರಿಸುವುದಿಲ್ಲ. ಈ ಮೊದಲು ಎರಡು ಸಲ ಕೂತಿದ್ದಳು. ಎರಡು ಸಲವೂ ಮೊದಲ ಸುತ್ತಿನಲ್ಲೇ, ಬೇರೆಯವರು ನೋಡುವ ಸುತ್ತಿನಲ್ಲೇ, ಮನೆಗೆ ಕಳಿಸಿದ್ದರು. ಈ ಸಲ ಕೊನೆಯ ಸುತ್ತಿಗೆ ಬಂದಿದ್ದಾಳೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳುವಂತಿರಲಿಲ್ಲ. ಆದರೆ ವಾರದಿಂದ ಅವಳು ಸಂಗೀತ ಸಂಸ್ಥೆಯ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಕಣ್ಣು ತಪ್ಪಿಸಿ ನಡೆಯುತ್ತಿದ್ದ ರೀತಿಯಲ್ಲೇ ಅದು ಗೊತ್ತಾಗಿತ್ತು. ಇನ್ನೊಂದು ಜಾಗ ಖಾಲಿಯಾಗಬೇಕಾದರೆ ಯಾರಾದರೂ ನಿವೃತ್ತರಾಗಬೇಕು ಅಥವಾ ಸಾಯಬೇಕು, ಅಷ್ಟರಲ್ಲಿ ಅವಳ ವಯಸ್ಸು ಮೀರಿರುತ್ತದೆ. ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಈಗಿನ ಹಾಗೆಯೇ ಸಂಸ್ಥೆಯ ಮೇಲಿನ ಮಹಡಿಯ ಕೋಣೆಯಲ್ಲಿ ಸಣ್ಣ ಮಕ್ಕಳಿಗೆ ವಯೊಲಿನ್ನಿನ ಕಮಾನು ಹಿಡಿಯುವುದನ್ನು ಹೇಳಿಕೊಡುತ್ತ ಉಳಿದ ಆಯುಸ್ಸನ್ನೆಲ್ಲ ಕಳೆಯಬೇಕು.

ರಸ್ತೆ ದಾಟುವಾಗ ಒಂದು ಬಸ್ಸು ಅವನ ಮುಂದೆಯೇ ಗಕ್ಕನೆ ನಿಂತಿತು, ಚಾಲಕ ಕೈ ಬೀಸಿ ಏನೋ ಅಂದ. ಸಂಸ್ಥೆಯ ಕಾವಲಿನವನು ಎಂದಿನಂತೆ ಎದ್ದು ನಿಂತ. ಹಜಾರದ ಗೋಡೆಯ ಮೇಲೆ ಅವನದೇ ಒಂದು ಫೋಟೊ ಇತ್ತು, ಪರದೆಯ ಪಕ್ಕದಲ್ಲಿ ನಿಂತದ್ದು. ನಿರ್ದೇಶಕನಾದ ಮೊದಲ ವರ್ಷ ಅವನು ಮಾಡಿದ ದೊಡ್ಡ ಕೆಲಸವೆಂದರೆ ಈ ಪರದೆ. ವೇದಿಕೆಗೆ ಅಡ್ಡಲಾಗಿ ದಪ್ಪ ಕಪ್ಪು ಬಟ್ಟೆ. ನುಡಿಸುವವರು ಆ ಕಡೆ, ತೀರ್ಪುಗಾರರು ಈ ಕಡೆ. ಹೆಜ್ಜೆಯ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯದಿರಲೆಂದು ನೆಲಕ್ಕೆ ಜಮಖಾನ. ಹೆಸರಿಲ್ಲ, ಬರೀ ಸಂಖ್ಯೆ. ಇಷ್ಟರ ಮೇಲೂ ನುಡಿಸುತ್ತಿರುವವರು ಯಾರೆಂದು ಯಾರಿಗಾದರೂ ಗುರುತು ಸಿಕ್ಕಿದರೆ ಅವರು ಸುಮ್ಮನೆ ಕೈ ಎತ್ತಬೇಕು, ಆ ಸಂಖ್ಯೆಯ ತೀರ್ಪಿನಿಂದ ಹೊರಗುಳಿಯಬೇಕು. ಆಗ ಉಳಿದವರ ಮತ ಸಮ ಬಂದರೆ ಇಬ್ಬರನ್ನೂ ಇನ್ನೊಮ್ಮೆ ನುಡಿಸಲು ಕರೆಯಬೇಕು. ನಿಯಮದ ಈ ಕೊನೆಯ ಸಾಲನ್ನು ಬರೆದವನೂ ಅವನೇ. ಪತ್ರಿಕೆಗಳು ಹೊಗಳಿದವು, ಬೇರೆ ಸಂಸ್ಥೆಗಳವರು ಕರೆಸಿ ಭಾಷಣ ಮಾಡಿಸಿದರು. ‘ಕಿವಿಗೆ ಬಂಧುಬಳಗ ಇಲ್ಲ’ ಎಂದು ಅವನು ಎಲ್ಲ ಕಡೆ ಹೇಳುತ್ತಿದ್ದ, ಎಲ್ಲ ಕಡೆಯೂ ಚಪ್ಪಾಳೆ ಬೀಳುತ್ತಿತ್ತು.

ಐದು ಕುರ್ಚಿ. ನಡುವೆ ಅವನದು. ಬಲಗಡೆ ವಾದ್ಯವೃಂದದ ಹೊಸ ಸಂಚಾಲಕ, ವಾದ್ಯಗಾರರೆಲ್ಲ ಬೆನ್ನ ಹಿಂದೆ ‘ಕಡ್ಡಿ’ ಎಂದು ಕರೆಯುವವನು, ತೆಳ್ಳಗಿನ ಮೈಯಿಂದಾಗಿಯೋ ವಾದ್ಯಗಾರರಿಗೆ ತಾಳ ತೋರಿಸಲು ಬೀಸುವ ಕೋಲಿನಿಂದಾಗಿಯೋ ಯಾರಿಗೂ ಖಚಿತವಿಲ್ಲ. ಅವನ ಪಕ್ಕ ಮೊದಲ ಸಾಲಿನ ವಯೊಲಿನ್ ವಾದಕಿ. ಎಡಗಡೆ ಕೊಳಲಿನ ಹಿರಿಯರು, ಅವರಾಚೆ ಭಾವ. ಮಂಡಿಗಳ ನಡುವೆ ಇಟ್ಟುಕೊಂಡು ಸೆಲ್ಲೊ ನುಡಿಸುವ ಈ ಭಾವ ನಿಜವಾಗಿಯೂ ಭಾವನೇ, ಹೆಂಡತಿಯ ಅಣ್ಣ. ಇವನು ಕರೆಯುವುದನ್ನು ಕೇಳಿ ಕೇಳಿ ಇಡೀ ವಾದ್ಯವೃಂದಕ್ಕೇ ಭಾವನಾಗಿಬಿಟ್ಟಿದ್ದ. ಮೂವತ್ತು ವರ್ಷದ ಹಿಂದೆ ಇಬ್ಬರೂ ಒಂದೇ ವರ್ಷ ಸೇರಿದವರು. ಭಾವ ಇನ್ನೂ ನುಡಿಸುತ್ತಿದ್ದಾನೆ, ಮಂಡಿನೋವಿನಲ್ಲಿ ನರಳುತ್ತ, ಬೈಯುತ್ತ, ನುಡಿಸುತ್ತಿದ್ದಾನೆ.

ಒಂದು, ಎರಡು, ಮೂರು ಬಂದು ಹೋದವು. ಕಡ್ಡಿ ಆಕಳಿಸಿದ. ನಾಲ್ಕು ಎಂದು ಆಚೆಯಿಂದ ಗುಮಾಸ್ತೆಯ ದನಿ ಬಂತು. ಕುರ್ಚಿ ಸರಿದ ಸದ್ದು. ಆಮೇಲೆ ಮೂಗಿನಿಂದ ಸರಕ್ಕನೆ ಒಂದು ಉಸಿರು ಎಳೆದುಕೊಂಡದ್ದು ಕೇಳಿಸಿತು, ಅಷ್ಟೇ. ಇನ್ನೂ ಒಂದು ಸ್ವರವೂ ಹೊರಟಿರಲಿಲ್ಲ, ಅವನಿಗೆ ಗುರುತು ಸಿಕ್ಕಿತು. ಆ ಉಸಿರು ಅವನದೇ. ಶುರು ಮಾಡುವ ಮೊದಲು ತಾನು ಹಾಗೆ ಉಸಿರೆಳೆದುಕೊಳ್ಳುತ್ತೇನೆಂದು ಅವನಿಗೆ ಗೊತ್ತಾದದ್ದೇ ಗುಬ್ಬಿಯಿಂದ. ಪಾಠದ ಜೊತೆಗೆ ಅದನ್ನೂ ಪಾಠವೆಂದೇ ಕಲಿತುಕೊಂಡಿದ್ದಳು. ಕೈ ಎತ್ತಬೇಕು ಅಂದುಕೊಂಡ. ಬಲಗೈ ತೊಡೆಯ ಮೇಲೆ ಇತ್ತು. ನಿಧಾನದ ಭಾಗ ಶುರುವಾಯಿತು, ಇಷ್ಟು ಚೆನ್ನಾಗಿ ಅವಳು ಯಾವತ್ತೂ ನುಡಿಸಿರಲಿಲ್ಲ. ದನಿ ಏಳುತ್ತ ಏಳುತ್ತ ಬಂದು ಆ ತಿರುವಿನಲ್ಲಿ, ಎಲ್ಲರೂ ಮೂರನೆಯ ಬೆರಳನ್ನು ಇಡುವ ಜಾಗದಲ್ಲಿ, ಇಡದೆ ಎರಡನೆಯದನ್ನೇ ಮೇಲಕ್ಕೆ ಜಾರಿಸಿ ಮುಟ್ಟಿದಳು. ಕೊಳಲಿನ ಹಿರಿಯರು ‘ಆಹಾ’ ಎಂದು ಕಣ್ಣು ಮುಚ್ಚಿಕೊಂಡರು. ಭಾವ ತಲೆಯೆತ್ತಿ ಪರದೆಯನ್ನು ನೋಡಿದ, ಆಮೇಲೆ ಇವನನ್ನು ನೋಡಿದ. ಇವನು ಮುಂದಿದ್ದ ಕಾಗದದ ಮೇಲೆ ಏನೋ ಬರೆಯುವ ಹಾಗೆ ಬಗ್ಗಿದ.

ಆ ರಾಗಾಲಾಪದಂಥ ಜಾಗದಲ್ಲೇ ಅವನ ಬೆರಳು ಮೊದಲ ಸಲ ಕೈಕೊಟ್ಟದ್ದು. ತುಂಬಿದ ಸಭೆ. ಬೆರಳು ಇಳಿಯಬೇಕಿತ್ತು, ಇಳಿಯಲಿಲ್ಲ, ಒಳಕ್ಕೆ ಮಡಿಸಿಕೊಂಡಿತು. ಅರೆಗಳಿಗೆಯಲ್ಲಿ, ಬಿದ್ದವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುವ ಹಾಗೆ, ಪಕ್ಕದ ಬೆರಳನ್ನು ಜಾರಿಸಿ ಸ್ವರ ಮುಟ್ಟಿದ್ದ. ಬೆವರಿನಲ್ಲಿ ಅಂಗಿಯೆಲ್ಲ ತೊಯ್ದಿತ್ತು. ಮಾರನೆಯ ದಿನ ಪತ್ರಿಕೆಯ ವಿಮರ್ಶಕ ಆ ಜಾರುವಿಕೆಯನ್ನು ‘ತಡೆದರೂ ತಡೆಯದ ಬಿಕ್ಕು’ ಎಂದು ಬರೆದ. ಅದನ್ನು ಓದಿ ಅವನು ನಕ್ಕ, ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದ. ನಾಲ್ಕು ವರ್ಷ ಆ ಬಿಕ್ಕಿನ ಮೇಲೆಯೇ ಬದುಕಿದ. ಎಲ್ಲೆಲ್ಲಿ ಮೂರನೆಯ ಬೆರಳು ಬೇಕೋ ಅಲ್ಲೆಲ್ಲ ಜಾರಿಸಿ, ಜಾರಿಸಲಾಗದ ಕೃತಿಗಳನ್ನು ಒಂದೊಂದಾಗಿ ಬಿಟ್ಟು, ಕೊನೆಗೆ ನುಡಿಸಲು ಏನೂ ಉಳಿಯದಾದಾಗ ‘ಇನ್ನು ಮುಂದಿನ ತಲೆಮಾರಿಗೆ’ ಎಂದು ಹೇಳಿಕೆ ಕೊಟ್ಟು, ಅದುವರೆಗೆ ಮನೆಯಲ್ಲಿ ಒಬ್ಬಿಬ್ಬರಿಗೆ ಹೇಳಿಕೊಡುತ್ತಿದ್ದವನು ಪೂರ್ತಿ ಮೇಷ್ಟರಾದ. ತರಗತಿಯಲ್ಲೂ ವಾದ್ಯ ಮುಟ್ಟುತ್ತಿರಲಿಲ್ಲ. ಗುನುಗುತ್ತಿದ್ದ, ಪೆನ್ಸಿಲಿನಿಂದ ತಾಳ ಕುಟ್ಟುತ್ತಿದ್ದ. ಗುರು ನುಡಿಸಿ ತೋರಿಸಿದರೆ ಶಿಷ್ಯ ಗಿಳಿಯಾಗುತ್ತಾನೆ ಎಂದು ಅದಕ್ಕೊಂದು ಸಿದ್ಧಾಂತ ಕಟ್ಟಿ ಲೇಖನ ಬರೆದ. ಅದನ್ನೂ ಜನ ಮೆಚ್ಚಿಕೊಂಡರು. ಈ ಮನುಷ್ಯ ಏನನ್ನು ಬಚ್ಚಿಟ್ಟರೂ ಜನ ಅದಕ್ಕೊಂದು ಹಾರ ಹಾಕುತ್ತಿದ್ದರು.

ಬೇರೆ ಶಿಷ್ಯರು ಎರಡು ಮೂರು ವರ್ಷ ಇದ್ದು ಬೇರೆ ಊರಿಗೆ, ಬೇರೆ ಮೇಷ್ಟರ ಹತ್ತಿರ ಹೋದರು, ಸರಿಹೋದರು. ಗುಬ್ಬಿ ಹೋಗಲಿಲ್ಲ. ಎಷ್ಟೋ ಸಲ ಹೋಗು ಎನ್ನಲು ಬಾಯಿ ತೆರೆದಿದ್ದ. ಹನ್ನೆರಡು ವರ್ಷದವಳಿದ್ದಾಗ ಅವಳ ಮೂರನೆಯ ಬೆರಳು ತನ್ನಷ್ಟಕ್ಕೆ ತಾನೇ, ಮಗು ನಡೆಯಲು ಕಲಿತ ಹಾಗೆ, ಸರಿಯಾದ ಜಾಗದಲ್ಲಿ ಇಳಿಯುತ್ತಿತ್ತು. ಅವನು ಪೆನ್ಸಿಲಿನಿಂದ ಆ ಬೆರಳಿನ ಗಿಣ್ಣಿಗೆ ಹೊಡೆದಿದ್ದ. ‘ಯಾಕೆ ಸರ್, ಮೂರನೇದು ಇಡಬಾರದಾ?’ ಎಂದು ಕೇಳಿದ್ದಳು, ಗಿಣ್ಣನ್ನು ಬಾಯಲ್ಲಿಟ್ಟುಕೊಂಡು. ‘ಅದನ್ನ ಎಲ್ಲರೂ ಇಡ್ತಾರೆ. ನೀನು ಎಲ್ಲರ ಹಾಗೆ ಆಗಬೇಕಾ?’ ಎಂದಿದ್ದ. ಮಗು ಬೇಡವೆಂದು ತಲೆಯಾಡಿಸಿತ್ತು. ಮತ್ತೆ ಇಳಿಯಿತು, ಮತ್ತೆ ಹೊಡೆದ. ಒಂದು ವರ್ಷವಾಯಿತು ಆ ಬೆರಳು ಸೋಲಲು. ತನ್ನದು ಯಾಕೆ ಮುದುಡಿತೆಂದು ಡಾಕ್ಟರರಿಗೂ ಗೊತ್ತಿಲ್ಲ, ಅವಳದು ಯಾಕೆ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಪರದೆಯ ಆಚೆ ವೇಗದ ಭಾಗ ಶುರುವಾಗಿತ್ತು. ಅಲ್ಲಿ ಜಾರಿಸಲು ಹೊತ್ತಿಲ್ಲ. ಒಂದು ಕಡೆ ಸ್ವರ ಕೂದಲೆಳೆಯಷ್ಟು ತಡವಾಗಿ ಬಿತ್ತು, ಸಾವರಿಸಿಕೊಂಡಳು. ಮತ್ತೊಂದು ಕಡೆಯೂ ತಡವಾಗಿ ಬಿತ್ತು. ಮೆಟ್ಟಿಲು ಇಳಿಯುವಾಗ ಒಂದು ಕಾಲು ಮಾತ್ರ ಸ್ವಲ್ಪ ಎಳೆದ ಹಾಗೆ. ಅವನ ಬಲಗೈ ತೊಡೆಯ ಮೇಲೇ ಇತ್ತು. ಎತ್ತಿದರೆ, ಹೇಗೆ ಗುರುತು ಹಿಡಿದಿರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ಕುಂಟು ನನ್ನದು ಎನ್ನಬೇಕಾಗುತ್ತದೆ. ಇನ್ನೊಂದು ಸಾಲು ಮುಗಿಯಲಿ, ಎತ್ತುತ್ತೇನೆ ಎಂದುಕೊಂಡ. ಸಾಲು ಮುಗಿಯಿತು, ಭಾಗವೂ ಮುಗಿಯಿತು, ಆಚೆ ಕಡೆ ಬಾಗಿಲು ಮುಚ್ಚಿಕೊಂಡಿತು.

ಎಂಟೂ ಜನ ನುಡಿಸಿ ಮುಗಿಸುವಾಗ ಮಧ್ಯಾಹ್ನ ತಿರುಗಿತ್ತು. ಉಳಿದದ್ದು ನಾಲ್ಕು ಮತ್ತು ಏಳು. ಕೊಳಲಿನ ಹಿರಿಯರು ನಾಲ್ಕು ಎಂದರು, ‘ಆ ಒಂದು ಜಾರಿಗೆ ನನ್ನ ಪಿಂಚಣಿ ಬರೆದುಕೊಡ್ತೀನಿ.’ ಭಾವ ಬೇರೇನೂ ಹೇಳದೆ ನಾಲ್ಕು ಎಂದ. ಕಡ್ಡಿ ಏಳು ಎಂದ.

‘ನಿಧಾನದಲ್ಲಿ ಸೊಗಸಾಗಿದೆ, ಇಲ್ಲ ಅನ್ನಲ್ಲ. ಆದ್ರೆ ವೇಗದಲ್ಲಿ ಕೇಳಿದ್ರಲ್ಲ? ಇವರಿಗೆ ಮೂರನೇ ಬೆರಳೇ ಇಲ್ವೇನೋ ಅನ್ಸುತ್ತೆ.’

‘ಬೆರಳಿದೆ,’ ಎಂದಳು ಮೊದಲ ಸಾಲಿನ ವಾದಕಿ. ‘ಯಾರೋ ಕಟ್ಟಿಹಾಕಿದ್ದಾರೆ. ಇದು ಆ ಅಭ್ಯರ್ಥಿ ತಪ್ಪಲ್ಲ, ಕಲಿಸಿದವರದು. ನಂಗೆ ಪಾಪ ಅನ್ಸುತ್ತೆ, ಆದ್ರೆ ನನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋಕಾಗಲ್ಲ. ಏಳು.’

ಎರಡಕ್ಕೆ ಎರಡು. ಕಡ್ಡಿ ಇವನ ಕಡೆ ತಿರುಗಿದ. ‘ನೀವೇ ಹೇಳಿ ಸರ್. ಪಾಠದ ವಿಷಯದಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ? ಇಂಥದ್ದನ್ನ ತಿದ್ದೋಕಾಗುತ್ತಾ?’

ಈಗಲೂ ಹೊತ್ತು ಮೀರಿರಲಿಲ್ಲ. ಈಗ ಕೈ ಎತ್ತಿದರೂ ನಿಯಮದಂತೆ ಇಬ್ಬರನ್ನೂ ಇನ್ನೊಮ್ಮೆ ಕರೆಯುತ್ತಾರೆ, ಅವಳಿಗೆ ಇನ್ನೊಂದು ಅವಕಾಶ ಸಿಗುತ್ತದೆ. ಮಾತು ಬಾಯಿಂದ ಹೊರಬಿದ್ದಾಗ ಅದು ಎಷ್ಟು ಸಹಜವಾಗಿತ್ತೆಂದರೆ ಅವನಿಗೇ ಅಚ್ಚರಿಯಾಯಿತು.

‘ಕಷ್ಟ,’ ಎಂದ. ‘ಪಾಪ, ಕೆಟ್ಟ ಮೇಷ್ಟ್ರು ಸಿಕ್ಕಿರಬೇಕು.’

ಕಡ್ಡಿ ನಕ್ಕ, ವಾದಕಿಯೂ ನಕ್ಕಳು, ಕೊಳಲಿನ ಹಿರಿಯರು ಬೇಸರದಿಂದ ಮೂಗು ಮುರಿದರು. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತಿದ್ದ. ಇವನು ಏಳು ಎಂದು ಬರೆದು ಸಹಿ ಹಾಕಿದ. ಸಹಿ ಹಾಕುವಾಗ ಎಡಗೈಯ ಉಂಗುರ ಬೆರಳು ಹಾಳೆಯನ್ನು ಅಲುಗದ ಹಾಗೆ ಒತ್ತಿ ಹಿಡಿದಿತ್ತು.

ಕೈ ತೊಳೆಯುವ ಕಡೆ ಭಾವ ಪಕ್ಕದಲ್ಲಿ ಬಂದು ನಿಂತ. ನಲ್ಲಿ ಬಿಟ್ಟ, ಕೈ ಒಡ್ಡಲಿಲ್ಲ, ನೀರು ಸುಮ್ಮನೆ ಹರಿಯಿತು.

‘ನೀನು ಕೈ ಎತ್ತುತ್ತೀಯಾ ಅಂತ ಕಾಯ್ತಾ ಇದ್ದೆ,’ ಎಂದ.

‘ಯಾಕೆ ಎತ್ತಬೇಕಿತ್ತು?’

‘ಯಾಕೋ.’ ಭಾವ ಕನ್ನಡಿಯಲ್ಲಿ ಇವನ ಮುಖ ನೋಡಿದ. ‘ಆವತ್ತಿನ ಸಭೇಲಿ ನಾನು ನಿನ್ನಿಂದ ಎರಡು ಮಾರು ದೂರದಲ್ಲಿ ಕೂತಿದ್ದೆ. ನಿನ್ನ ಬೆರಳು ಮಡಿಸ್ಕೊಂಡಿದ್ದು ನೋಡಿದೀನಿ. ಇಷ್ಟು ವರ್ಷ ಒಂದು ಮಾತು ಆಡಿದೀನಾ ನಾನು?’

‘ಮತ್ತೆ ನೀನ್ಯಾಕೆ ಕೈ ಎತ್ತಲಿಲ್ಲ? ನಿಂಗೂ ಗುರುತು ಸಿಕ್ಕಿತ್ತಲ್ಲ.’

‘ಎತ್ತಿದ್ರೆ ಅವಳಿಗೆ ಒಂದು ವೋಟು ಕಮ್ಮಿಯಾಗ್ತಿತ್ತು,’ ಎಂದು ಭಾವ ನಲ್ಲಿ ನಿಲ್ಲಿಸಿ, ಮಂಡಿ ಹಿಡಿದುಕೊಂಡು ಹೊರಟುಹೋದ. ಇವನು ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದ. ಹೆಂಡತಿಗೆ ಮಾತ್ರ ಗೊತ್ತು ಎಂದುಕೊಂಡೇ ಇಷ್ಟು ವರ್ಷ ತಲೆಯೆತ್ತಿ ಓಡಾಡಿದ್ದ. ಇನ್ನೂ ಯಾರ್ಯಾರು ನೋಡಿದ್ದರೋ, ನೋಡಿಯೂ ಸುಮ್ಮನಿದ್ದರೋ.

ಕೊನೆಯ ಸುತ್ತಿನವರಿಗೆ ಫಲಿತಾಂಶವನ್ನು ನಿರ್ದೇಶಕರೇ ಹೇಳುವುದು ವಾಡಿಕೆ. ಗುಬ್ಬಿ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೂದಲಲ್ಲಿ ಅಲ್ಲಲ್ಲಿ ಬಿಳಿ. ಇವನನ್ನು ನೋಡಿ ಎದ್ದು ನಿಂತಳು, ಮುಖ ನೋಡಿದ ಕೂಡಲೇ ಮತ್ತೆ ಕೂತುಬಿಟ್ಟಳು.

‘ಇಲ್ಲ ಅಲ್ವಾ?’

‘ಇಲ್ಲಮ್ಮಾ. ಒಂದೇ ವೋಟಿನಲ್ಲಿ ಹೋಯ್ತು.’

‘ಒಂದೇನಾ,’ ಎಂದಳು. ಸ್ವಲ್ಪ ಹೊತ್ತು ಪೆಟ್ಟಿಗೆಯ ಕೊಂಡಿಯನ್ನು ತೆಗೆದು ಹಾಕಿ ಮಾಡಿದಳು. ‘ಅಂದ್ರೆ ನೀವು ಕೈ ಎತ್ತಿದ ಮೇಲೆ ನಾಲ್ಕು ಜನ ಉಳಿದ್ರು. ಒಂದು ವೋಟಿನಲ್ಲಿ ಹೇಗೆ ಸರ್ ಹೋಗುತ್ತೆ?’

ಅವನು ಆ ಕೊಂಡಿಯನ್ನೇ ನೋಡಿದ. ಅವಳು ತಲೆಯೆತ್ತಿದಳು.

‘ನೀವು ಕೈ ಎತ್ತಲಿಲ್ವಾ? ನಾನು ಅಂತ ಗೊತ್ತಾಗಲಿಲ್ವಾ ನಿಮಗೆ?’

‘ಇಲ್ಲ,’ ಎಂದ.

ಸೋತದ್ದಕ್ಕೆ ಅಳದಿದ್ದವಳ ಕಣ್ಣಲ್ಲಿ ಈಗ ನೀರು ಬಂತು. ನಗಲು ನೋಡಿದಳು. ‘ಇಪ್ಪತ್ತಮೂರು ವರ್ಷ ಸರ್. ನಾನಂದ್ಕೊಂಡಿದ್ದೆ, ಉಸಿರು ಎಳ್ಕೊಂಡ್ರೇ ಸಾಕು, ನಿಮಗೆ ಗೊತ್ತಾಗಿಬಿಡುತ್ತೆ ಅಂತ. ಅಷ್ಟು ಕೆಟ್ಟದಾಗಿ ನುಡಿಸಿದೆನಾ?’ ಎಂದು ಮೂಗು ಒರೆಸಿಕೊಂಡು, ‘ಜಾರು? ಅದಾದ್ರೂ ಸರಿಯಾಗಿ ಬಂತಾ?’ ಎಂದು ಕೇಳಿದಳು.

‘ಬಂತು.’

‘ಅಷ್ಟು ಸಾಕು ಬಿಡಿ.’ ಎದ್ದು ನಿಂತಳು. ‘ಮೇಲೆ ಮಕ್ಕಳು ಕಾಯ್ತಾ ಇದಾರೆ. ಗೆದ್ದು ಬರ್ತೀನಿ ಅಂತ ಬಡಾಯಿ ಕೊಚ್ಚಿದ್ದೆ. ಈ ಮುಖ ಹೊತ್ಕೊಂಡು ಈಗಲೇ ಹೋಗೋಕಾಗಲ್ಲ. ಹತ್ತು ನಿಮಿಷ ನೀವು ನೋಡ್ಕೊಳ್ತೀರಾ ಸರ್? ಮುಖ ತೊಳ್ಕೊಂಡು ಬರ್ತೀನಿ.’

ಮೆಟ್ಟಿಲು ಹತ್ತುವಾಗ ಅವನಿಗೆ ಒಂಥರ ಹಗುರವಾಯಿತು, ನಾಚಿಕೆಯಾಗುವಷ್ಟು. ಮಕ್ಕಳು. ಮಕ್ಕಳಿಗಾದರೂ ಹೇಳಬಹುದು. ಇಲ್ಲಿ ಮಡಿಸಬೇಡಿ, ಜಾರಿಸಬೇಡಿ, ಮೂರನೆಯ ಬೆರಳನ್ನು ಇಡಿ ಎಂದು ಮೊದಲು ಅವರಿಗೆ ಹೇಳಿ, ಆಮೇಲೆ ಅವಳು ಬಂದಾಗ ಅವಳಿಗೂ ಹೇಳಿ, ಇವತ್ತೇ ಎಲ್ಲವನ್ನೂ ಮುಗಿಸಿಬಿಡಬಹುದು. ಮೂರನೆಯ ಮಹಡಿಯ ಕೋಣೆಯ ಬಾಗಿಲು ತೆರೆದಿತ್ತು. ಆರು ಮಕ್ಕಳು ಅರೆವೃತ್ತದಲ್ಲಿ ನಿಂತಿದ್ದರು, ಕೈಯಲ್ಲಿ ಆಟಿಕೆಯಂಥ ವಯೊಲಿನ್ನುಗಳು. ಗೋಡೆಯ ಫೋಟೊದಲ್ಲಿ ನೋಡಿದ ಮುಖ ನಿಜವಾಗಿ ಬಂದದ್ದಕ್ಕೆ ಅವರೆಲ್ಲ ಗಾಬರಿಯಾದರು.

‘ಏನು ಕಲೀತಾ ಇದೀರಿ, ನುಡಿಸಿ ನೋಡೋಣ,’ ಎಂದ.

ಅವರು ಒಬ್ಬರನ್ನೊಬ್ಬರು ನೋಡಿಕೊಂಡು ಒಂದು ಚಿಕ್ಕ ಹಾಡನ್ನು ಶುರು ಮಾಡಿದರು, ಎಂಟು ಸಾಲಿನದು, ಯಾವ ಮಗುವಾದರೂ ಮೊದಲ ವರ್ಷ ನುಡಿಸುವಂಥದ್ದು. ಮೂರನೆಯ ಸಾಲಿನಲ್ಲಿ ಆರು ಪುಟ್ಟ ಎಡಗೈಗಳು ಒಟ್ಟಿಗೆ ಮೇಲಕ್ಕೆ ಸರಿದವು, ಆರು ಎರಡನೆಯ ಬೆರಳುಗಳು ಜಾರಿದವು, ಹಾಡು ಬಿಕ್ಕಿತು.

‘ನಿಲ್ಲಿಸಿ,’ ಎಂದ, ಬೇಕಾದ್ದಕ್ಕಿಂತ ಜೋರಾಗಿ. ‘ಅಲ್ಲಿ ಜಾರಿಸಬೇಡಿ. ಮೂರನೇ ಬೆರಳು ಇಡಿ.’

ಮಕ್ಕಳು ಕಮಾನು ಕೆಳಗಿಳಿಸಿದರು. ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು ಧೈರ್ಯ ಮಾಡಿದಳು. ‘ಮಿಸ್ಸು ಇಡಬೇಡಿ ಅಂದಿದಾರೆ. ಅವರ ಸರ್ ಹೇಳ್ಕೊಟ್ಟಿದ್ದಂತೆ.’

‘ಇಟ್ರೆ ಪೆನ್ಸಿಲ್ಲಲ್ಲಿ ಮುಟ್ಟಿಸ್ತಾರೆ,’ ಎಂದ ಪಕ್ಕದವನು. ‘ಹೊಡೆಯಲ್ಲ. ಸುಮ್ನೆ ಮುಟ್ಟಿಸ್ತಾರೆ.’

‘ಇಲ್ಲ. ಇಡಬೇಕು. ಇಡದಿದ್ರೆ...’ ಎಂದು ನಿಲ್ಲಿಸಿದ. ಇಡದಿದ್ದರೆ ಏನಾಗುತ್ತದೆಂದು ಈ ವಯಸ್ಸಿನವರಿಗೆ ಹೇಗೆ ಹೇಳುವುದು?

‘ಹೇಗೆ ಅಂತ ತೋರಿಸಿ ಸರ್,’ ಎಂದು ಹುಡುಗಿ ತನ್ನ ವಯೊಲಿನ್ನನ್ನು ಚಾಚಿದಳು.

ಇಪ್ಪತ್ತು ವರ್ಷದಿಂದ ಒಬ್ಬರ ಎದುರಿಗೂ ಮುಟ್ಟಿರಲಿಲ್ಲ. ತೆಗೆದುಕೊಂಡ. ಅದು ಗಲ್ಲದ ಕೆಳಗೆ ಬೆಂಕಿಪೊಟ್ಟಣದ ಹಾಗೆ ಸಿಕ್ಕಿಕೊಂಡಿತು. ಮಗುವಿನ ಕೈಯ ಬಿಸಿ ಮರದಲ್ಲಿ ಇನ್ನೂ ಇತ್ತು. ಒಂದೇ ಸ್ವರ, ಅವನು ಬೆರಳನ್ನು ಬೇಡಿಕೊಂಡ, ಒಂದೇ ಒಂದು ಸ್ವರ, ನನಗಲ್ಲ. ಮೊದಲ ಬೆರಳು ಇಟ್ಟ. ಎರಡನೆಯದು ಇಟ್ಟ. ಮೂರನೆಯದು ತಂತಿಯ ಮೇಲೆ ಅರೆಗಳಿಗೆ ತೂಗಿತು, ಆಮೇಲೆ ನಿಧಾನವಾಗಿ, ನಾಚಿಕೆಯೇ ಇಲ್ಲದೆ, ಅಂಗೈಯೊಳಗೆ ಸುತ್ತಿಕೊಂಡಿತು. ಬಿಡಿಸಿ ಮತ್ತೆ ಇಟ್ಟ. ಮತ್ತೆ ಸುತ್ತಿಕೊಂಡಿತು. ಕಮಾನು ತಂತಿಯ ಮೇಲೆ ಕಿರ್ರೆಂದಿತು.

ಮಕ್ಕಳು ಅವನ ಕೈಯನ್ನು ಎವೆಯಿಕ್ಕದೆ ನೋಡಿದರು, ಆಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ಒಬ್ಬೊಬ್ಬರಾಗಿ ಆರೂ ಜನ ಉಂಗುರ ಬೆರಳನ್ನು ಅಂಗೈಯೊಳಗೆ ಮಡಿಸಿದರು. ಹಲ್ಲು ಬಿದ್ದ ಹುಡುಗಿಯ ಬೆರಳು ಮಡಿಸಿದರೂ ನಿಲ್ಲದೆ ಟಣ್ಣನೆ ಎದ್ದು ನಿಲ್ಲುತ್ತಿತ್ತು. ಅವಳು ಬಲಗೈಯಿಂದ ಅದನ್ನು ಒತ್ತಿ ಒಳಗೆ ಕೂರಿಸಿಕೊಂಡಳು.

‘ಹೀಗಾ ಸರ್?’

ಅವನು ತಲೆಯೆತ್ತಿದ. ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು. ಮುಖ ತೊಳೆದುಕೊಂಡು ಬಂದಿದ್ದಳು, ಹಣೆಯ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾವಾಗ ಬಂದಳೋ. ಅವಳು ಅವನ ಮುಖ ನೋಡುತ್ತಿರಲಿಲ್ಲ. ಪುಟ್ಟ ವಯೊಲಿನ್ನಿನ ಕುತ್ತಿಗೆಯ ಮೇಲೆ ಮುದುಡಿಕೊಂಡಿದ್ದ ಆ ಬೆರಳನ್ನು ನೋಡುತ್ತಿದ್ದಳು. ಅವಳ ಎಡಗೈ ತನ್ನಷ್ಟಕ್ಕೆ ತಾನೇ ಸೊಂಟದ ಮಟ್ಟಕ್ಕೆ ಎದ್ದಿತ್ತು, ಬಲಗೈಯ ಹೆಬ್ಬೆರಳು ಅದರ ಮೂರನೆಯ ಗಿಣ್ಣನ್ನು ಸವರುತ್ತಿತ್ತು. ಅವಳು ಏನಾದರೂ ಕೇಳಲಿ ಎಂದು ಕಾದ. ಅವಳು ಕೇಳಲಿಲ್ಲ.

‘ಹೀಗಾ ಸರ್?’ ಎಂದಳು ಹುಡುಗಿ ಮತ್ತೆ, ಬೆರಳನ್ನು ಒತ್ತಿಹಿಡಿದು ಕೈ ನೋಯುತ್ತಿದ್ದರಿಂದ.

‘ಹೌದು,’ ಎಂದ ಅವನು. ‘ಸರಿಯಾಗಿದೆ. ಇನ್ನೊಂದು ಸಲ ನುಡಿಸಿ.’

ಹುಡುಗಿ ತನ್ನ ವಾದ್ಯವನ್ನು ವಾಪಸು ತೆಗೆದುಕೊಂಡಳು. ಆರೂ ಮಕ್ಕಳು ಒಟ್ಟಿಗೆ ಮೂಗಿನಿಂದ ಸರಕ್ಕನೆ ಉಸಿರೆಳೆದುಕೊಂಡು ಶುರು ಮಾಡಿದರು.